ಅಮೆರಿಕದ ‘ಸಿಡಿಸಿ’ಗಳು: ಬಡ ಬಡಾವಣೆಗಳ ಸ್ವಂತ ಬಿಲ್ಡರ್‌ಗಳು

ನೆವಾರ್ಕ್, ಬಾಸ್ಟನ್, ಬ್ರೂಕ್ಲಿನ್‌ಗಳ ಹಳೇ ಬಡಾವಣೆಗಳಲ್ಲಿ ‘ಕಮ್ಯುನಿಟಿ ಡೆವಲಪ್‌ಮೆಂಟ್ ಕಾರ್ಪೊರೇಷನ್’ (ಸಿಡಿಸಿ) ಎಂಬ ಬೋರ್ಡುಗಳನ್ನು ನೀವು ಕಂಡಿರಬಹುದು. ಇವು ಸರ್ಕಾರಿ ಕಚೇರಿಗಳಲ್ಲ. ಸ್ಥಳೀಯರು ಸೇರಿ ಕಟ್ಟಿದ, ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳು. ಮನೆ ಕಟ್ಟಿ ಕಡಿಮೆ ಬಾಡಿಗೆಗೆ ಕೊಡುತ್ತವೆ, ಸಣ್ಣ ಅಂಗಡಿಗಳಿಗೆ ಸಾಲ ಕೊಡಿಸುತ್ತವೆ.

1930ರ ದಶಕದಲ್ಲಿ ಫೆಡರಲ್ ಸಂಸ್ಥೆಯೊಂದು ಕಪ್ಪು ಜನರಿದ್ದ ಬಡಾವಣೆಗಳಿಗೆ, ಸಾಲ ಕೊಟ್ಟರೆ ಅಪಾಯ ಎಂದು, ನಕ್ಷೆಯಲ್ಲಿ ಕೆಂಪು ಬಳಿಯಿತು. ಅಂಥ ಕಡೆ ಗೃಹಸಾಲ ಹುಟ್ಟುವುದೇ ಕಷ್ಟವಾಗಿತ್ತು. 1966ರಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಬ್ರೂಕ್ಲಿನ್‌ನ ಬೆಡ್‌ಫರ್ಡ್-ಸ್ಟೈವೆಸೆಂಟ್‌ಗೆ ಬಂದಾಗ, ಅಲ್ಲಿನವರು ‘ಬಂದು ನೋಡಿಹೋಗಿದ್ದು ಸಾಕು, ಏನಾದರೂ ಮಾಡಿ’ ಎಂಬ ಧಾಟಿಯಲ್ಲೇ ಮಾತಾಡಿದರು. ಮರುವರ್ಷ ಅಲ್ಲಿ ಹುಟ್ಟಿದ ಸಂಸ್ಥೆಯೇ ಈ ಮಾದರಿಗೆ ದಾರಿ ತೋರಿತು.

ನನಗೆ ಹೆಚ್ಚು ಹಿಡಿಸುವುದು ಬಾಸ್ಟನ್‌ನ ಡಡ್ಲಿ ಸ್ಟ್ರೀಟ್. ಅಲ್ಲಿನ ಸಂಘಟನೆಗೆ ಕಟ್ಟಡಕ್ಕಿಂತ ಜನರನ್ನು ಕೂಡಿಸುವುದೇ ಮೊದಲು. ಆ ಬೀದಿ ಇರುವ ರಾಕ್ಸ್‌ಬರಿಯಲ್ಲಿ ಮನೆಗಳು ಸುಟ್ಟು ಸೈಟುಗಳು ಖಾಲಿಬಿದ್ದಿದ್ದವು. ಊರಿನ ಕಸವೆಲ್ಲ ರಾತ್ರೋರಾತ್ರಿ ಅಲ್ಲಿಗೇ ಬರುತ್ತಿತ್ತು. ಹಣ ಕೊಡುವ ಪ್ರತಿಷ್ಠಾನ ರಚಿಸಹೊರಟ ಮಂಡಳಿಯಲ್ಲಿ ನಿವಾಸಿಗಳಿಗೆ ಸಿಕ್ಕಿದ್ದು ಬೆರಳೆಣಿಕೆಯ ಸ್ಥಾನ. ‘ನಿಮ್ಮಲ್ಲಿ ಎಷ್ಟು ಜನ ಇಲ್ಲಿ ವಾಸವಿದ್ದೀರಿ?’ ಎಂದು ನಿವಾಸಿಗಳು ಸಭೆಯಲ್ಲೇ ಕೇಳಿದರು. ಕೊನೆಗೆ ನಿವಾಸಿಗಳದೇ ಬಹುಮತವಾಯಿತು. 1988ರಲ್ಲಿ ನಗರ ಪ್ರಾಧಿಕಾರವು ಖಾಲಿ ಸೈಟುಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನೇ ಇವರಿಗೆ ಕೊಟ್ಟಿತು. ನೆಲ ಸಂಘಟನೆಯ ಟ್ರಸ್ಟಿನದು, ಮನೆ ಕೊಂಡವರದು. ಮಾರುವಾಗ ಬೆಲೆಗೆ ಮಿತಿ. ಸೈಟು ಕೊಂಡು ನಾಲ್ಕು ಪಟ್ಟು ಮಾಡುವ ನಮ್ಮ ಲೆಕ್ಕ ಇಲ್ಲಿ ನಡೆಯದು.

ಹಣದ ಕಥೆ ಕೊಂಚ ಗೋಜಲು. 1986ರ ತೆರಿಗೆ ಕಾಯ್ದೆಯಡಿ ಸಿಗುವ ತೆರಿಗೆ ಕ್ರೆಡಿಟ್ಟನ್ನು (ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ) ನೆಚ್ಚಿ ಬ್ಯಾಂಕುಗಳು ಬಂಡವಾಳ ಹಾಕುತ್ತವೆ. ಪ್ರತಿಯಾಗಿ, ಆ ಪ್ರದೇಶದ ಮಧ್ಯಾಂಕ (ಮೀಡಿಯನ್) ವರಮಾನಕ್ಕೆ ತಕ್ಕಂತೆ ಬಾಡಿಗೆಗೆ ಕಡಿವಾಣ. ಹೀಗೆ ಕಟ್ಟುತ್ತ ಹೋಗಿ ಸಂಸ್ಥೆಯೇ ದೊಡ್ಡ ಮನೆ ಮಾಲೀಕನಾಗುವುದೂ ಉಂಟು. ರಿಪೇರಿ ತಡವಾದರೆ ಬಾಡಿಗೆದಾರರ ಕೋಪ ಅದರ ಮೇಲೇ.

ಅಮೆರಿಕದಲ್ಲಿರುವ ನಮ್ಮವರಿಗೂ ಇವುಗಳಿಂದ ಉಪಯೋಗವಿದೆ. ಮೊದಲ ಮನೆ ಕೊಳ್ಳುವವರಿಗೆ ಹಲವು ಸಂಸ್ಥೆಗಳು ತರಗತಿ ನಡೆಸುತ್ತವೆ. ಡೌನ್‌ಪೇಮೆಂಟ್ ನೆರವಿನ ಎಷ್ಟೋ ಯೋಜನೆಗಳು ಅದರ ಸರ್ಟಿಫಿಕೇಟ್ ಕೇಳುತ್ತವೆ. ಕೆಲವು ಕಡೆ ಕಡಿಮೆ ವರಮಾನದವರ ಟ್ಯಾಕ್ಸ್ ರಿಟರ್ನನ್ನು ಪುಕ್ಕಟೆ ತುಂಬಿಕೊಡುತ್ತಾರೆ. ಎಫ್-1 ವೀಸಾದ ವಿದ್ಯಾರ್ಥಿಗಳ 1040-ಎನ್‌ಆರ್ (ಅನಿವಾಸಿಗಳ ಟ್ಯಾಕ್ಸ್ ರಿಟರ್ನ್) ಎಲ್ಲ ಕಡೆ ಆಗದು, ಫೋನು ಮಾಡಿ ಕೇಳಿಕೊಂಡೇ ಹೋಗಿ. ದಾನ ಕೊಡುವುದಾದರೆ ನಿಮ್ಮ ಕಂಪನಿ ಅಷ್ಟೇ ಮೊತ್ತ ಸೇರಿಸುತ್ತದೆಯೇ ನೋಡಿ. ಸಂಸ್ಥೆ ತೆರಿಗೆ ಇಲಾಖೆಗೆ ವರ್ಷವರ್ಷ ಸಲ್ಲಿಸುವ ‘ಫಾರ್ಮ್ 990’ ಯಾರು ಬೇಕಾದರೂ ನೋಡಬಹುದಾದ ದಾಖಲೆ. ನಿರ್ದೇಶಕರ ಹೆಸರು, ಮುಖ್ಯಸ್ಥರ ಸಂಬಳ ಎರಡೂ ಅದರಲ್ಲಿರುತ್ತವೆ.