ಅಮ್ಮನ ಮಂಡಿ, ಎರಡು ಮಹಾನಗರ

ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಅಮೆರಿಕದ ನಮ್ಮ ಮನೆಗೆ ಬಂದಿಳಿದ ಮೂರನೇ ದಿನವೇ ಅಪ್ಪ ಒಂದು ಪಟ್ಟಿ ತಂದು ಕೈಗಿಟ್ಟರು. ಡೈರಿಯ ಹಾಳೆ ಹರಿದು ಬರೆದದ್ದು. ಶಿಕಾಗೋದಲ್ಲಿ ಹದಿನಾಲ್ಕು ಜಾಗ, ನ್ಯೂಯಾರ್ಕಿನಲ್ಲಿ ಇಪ್ಪತ್ತೆರಡು. ಅಮ್ಮ ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಓದಿ, "ಇದ್ರಲ್ಲಿ ಕೂರೋಕೆ ಎಲ್ಲೆಲ್ಲಿ ಜಾಗ ಇದೆ ಮಾರಾಯ್ತಿ?" ಅಂದಳು.

ಆಗ ನಕ್ಕುಬಿಟ್ಟೆ. ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತಾಗ ನಗು ಹೋಯಿತು. ಅಮ್ಮನಿಗೆ 68. ಎರಡೂ ಮಂಡಿ ಸವೆದಿವೆ, ಆಪರೇಷನ್ ಬೇಡ ಅಂತ ಹಟ. ಒಂದೇ ಸಮ ನಡೆದರೆ ಹದಿನೈದು ನಿಮಿಷ, ಅದರ ಮೇಲೆ ಆಗಲ್ಲ. ಅಪ್ಪ ಶರಾವತಿ ಪವರ್ ಹೌಸ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವರು. 74 ಆದರೂ ದಿನಾ ಐದು ಕಿಲೋಮೀಟರ್ ನಡೀತಾರೆ. ಮಗಳಿಗೆ ಹನ್ನೊಂದು. ಇವರ ಜೊತೆ ನಾನು, ನನ್ನ ಗಂಡ. ಐದು ಜನರಲ್ಲಿ ಯಾರ ಕಾಲಿಗೆ ಸರಿಯಾಗಿ ಪ್ಲಾನ್ ಮಾಡಬೇಕು? ನಾನು ಅಮ್ಮನ ಮಂಡಿಗೆ ಸರಿಯಾಗಿ ಮಾಡಿದೆ. 2024ರ ಜುಲೈ, ಎಂಟು ರಾತ್ರಿ.

ಮೊದಲು ಅಪ್ಪನ ಪಟ್ಟಿಯನ್ನು ಕತ್ತರಿಸಿದೆ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ರೂಮಿಗೆ ಬಂದು ಮಲಗೋದು, ಸಂಜೆ ಇನ್ನೊಂದು. ಅಷ್ಟೇ. ಉಳಿದ ಪ್ರತಿ ಜಾಗದ ಮುಂದೆಯೂ ಮೂರು ಪ್ರಶ್ನೆ ಬರೆದೆ: ಲಿಫ್ಟ್ ಇದೆಯಾ, ಕೂರೋಕೆ ಆಗುತ್ತಾ, ಟಾಯ್ಲೆಟ್ ಎಲ್ಲಿದೆ. ಮೂರನೆಯದಕ್ಕೆ ಉತ್ತರ ಹುಡುಕೋಕೆ ಹಿಡಿದಷ್ಟು ಹೊತ್ತು ಹೋಟೆಲ್ ಬುಕ್ ಮಾಡೋಕೂ ಹಿಡಿಯಲಿಲ್ಲ.

ನಾವಿರೋದು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್-ನಾರ್ಮಲ್‌ನಲ್ಲಿ. ಮೆಕ್ಕೆಜೋಳದ ಹೊಲಗಳ ಮಧ್ಯದ ಅವಳಿ ಊರು. ಅಲ್ಲಿಂದ ಶಿಕಾಗೋಗೆ ಆಮ್‌ಟ್ರ್ಯಾಕ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಕಾರು ಮನೆಯಲ್ಲೇ ಬಿಟ್ಟೆವು. ಶಿಕಾಗೋ ನಡುಪೇಟೆಯಲ್ಲಿ ಕಾರು ನಿಲ್ಲಿಸೋ ಬಾಡಿಗೆ ಕೇಳಿದರೆ ಅಪ್ಪನಿಗೆ ಬಿಪಿ ಏರುತ್ತಿತ್ತು.

ಶಿಕಾಗೋದಲ್ಲಿ ಎಲ್ಲರಿಗೂ ಹಿಡಿಸಿದ್ದು ನದಿಯ ಬೋಟ್. ತೊಂಬತ್ತು ನಿಮಿಷ ಕೂತಲ್ಲೇ ಕೂತು, ಎರಡೂ ದಡದ ಕಟ್ಟಡಗಳ ಕಥೆ ಕೇಳೋ ಟೂರ್. ಒಬ್ಬರಿಗೆ ಐವತ್ತು ಡಾಲರಿನ ಮೇಲಾಯಿತು. ದುಬಾರಿ ಹೌದು. ಆದರೆ ಬೇರೆ ಯಾವ ಟಿಕೆಟ್ಟಿಗೆ ಕೊಟ್ಟ ದುಡ್ಡೂ ನನಗೆ ಇಷ್ಟು ಸಲೀಸಾಗಿ ಜೀರ್ಣ ಆಗಲಿಲ್ಲ. ಮರೀನಾ ಸಿಟಿ ಅಂತ ಮೆಕ್ಕೆಜೋಳದ ತೆನೆ ಥರದ ಎರಡು ಗೋಪುರಗಳಿವೆ, ಕೆಳಗಿನ 19 ಅಂತಸ್ತು ಪೂರ್ತಿ ಕಾರು ನಿಲ್ಲಿಸೋಕೇ. ಮಗಳು ಕಾರು ಎಣಿಸುತ್ತಾ ಕೂತಳು. ಅಪ್ಪ ಮಾತ್ರ ಕಟ್ಟಡದ ಕಡೆ ನೋಡಲೇ ಇಲ್ಲ. ಈ ನದಿಯನ್ನು 1900ರಲ್ಲಿ ಹಿಂದಕ್ಕೆ ತಿರುಗಿಸಿದರು ಅಂತ ಗೈಡ್ ಹೇಳಿದ್ದೇ ಸಾಕಾಯಿತು. ಮೊದಲು ಅದು ಮಿಶಿಗನ್ ಸರೋವರಕ್ಕೆ ಹರಿಯುತ್ತಿತ್ತು. ಊರಿನ ಕೊಳಚೆಯೂ ಅದರ ಜೊತೆಗೇ. ಕುಡಿಯೋ ನೀರೂ ಅದೇ ಸರೋವರದ್ದು. ಅದಕ್ಕೆ 28 ಮೈಲಿ ಕಾಲುವೆ ತೋಡಿ, ನದಿಯೇ ಸರೋವರಕ್ಕೆ ಬೆನ್ನು ಹಾಕಿ ಹರಿಯೋ ಹಾಗೆ ಮಾಡಿದರು. "ಹಾಗಾದ್ರೆ ಕಾಲುವೆ ಎಷ್ಟು ಆಳ ಅಗೆದ್ರು? ಗೇಟ್ ಎಲ್ಲಿದೆ?" ಅಂತ ಅಪ್ಪನ ಪ್ರಶ್ನೆ ನಿಲ್ಲಲೇ ಇಲ್ಲ. ಇಳಿಯುವಾಗ ಗೈಡ್ ಹುಡುಗಿ ಅವರ ಕೈ ಕುಲುಕಿದಳು. ಪಾಪ, ಮುಗೀತಲ್ಲ ಅಂತಲೂ ಇರಬಹುದು.

ಮಿಲೇನಿಯಂ ಪಾರ್ಕಿನಲ್ಲಿ ಎಲ್ಲರೂ ಓಡೋದು ‘ಬೀನ್’ ಕಡೆಗೆ. ಮುಂಬಯಿಯಲ್ಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ, 168 ಸ್ಟೀಲ್ ತಗಡುಗಳ ಹೊಳೆಯೋ ಕಾಳು. ಒಂದು ಸಾಲು ಬೆಸುಗೆಯೂ ಕಾಣಲ್ಲ. ನಾವು ಫೋಟೋ ತೆಗೆಸಿಕೊಂಡು ಹತ್ತೇ ನಿಮಿಷದಲ್ಲಿ ಹೊರಟೆವು. ಒಂದೂವರೆ ಗಂಟೆ ಕಳೆದದ್ದು ಪಕ್ಕದ ಕ್ರೌನ್ ಫೌಂಟನ್‌ನಲ್ಲಿ. ಎದುರುಬದುರು ಐವತ್ತು ಅಡಿಯ ಎರಡು ಗಾಜಿನ ಗೋಡೆ. ಅದರ ಮೇಲೆ ಶಿಕಾಗೋ ಜನರ ಮುಖ ಬರುತ್ತೆ, ಕಣ್ಣು ಮಿಟುಕಿಸುತ್ತೆ, ಆಮೇಲೆ ಬಾಯಿಂದ ನೀರು ಉಗುಳುತ್ತೆ. ಮಕ್ಕಳೆಲ್ಲ ಕೆಳಗೆ ನಿಂತು ಕಿರುಚೋದು. ನಡುವೆ ಕಪ್ಪು ಕಲ್ಲಿನ ಮೇಲೆ ಪಾದ ಮುಳುಗುವಷ್ಟೂ ಇಲ್ಲದ ನೀರು. ಅಮ್ಮ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಚಪ್ಪಲಿ ಬಿಟ್ಟು, ಸೀರೆ ಒಂಚೂರು ಎತ್ತಿ ಹಿಡಿದು, ತಾನೇ ಎದ್ದು ಹೋಗಿ ನೀರಲ್ಲಿ ನಿಂತಳು. ಬಿಸಿಲಿಗೆ ಕಲ್ಲು ಬೆಚ್ಚಗೆ, ನೀರು ತಣ್ಣಗೆ. "ಮಂಡಿಗೆ ಹಿತ ಆಗ್ತಾ ಇದೆ ಕಣೇ" ಅಂದಳು. ಮಾರನೇ ದಿನ ಸಂಜೆಯ ಕಾರ್ಯಕ್ರಮ ರದ್ದು ಮಾಡಿ ಮತ್ತೆ ಅಲ್ಲಿಗೇ ಹೋದೆವು.

ಅಪ್ಪನ ಒಂದು ಆಸೆ ಬಾಕಿ ಇತ್ತು. 1893ರ ಸೆಪ್ಟೆಂಬರ್ 11ಕ್ಕೆ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ. ಅದರ ಎದುರಿನ ಮಿಶಿಗನ್ ಅವೆನ್ಯೂ ರಸ್ತೆಯ ತುಂಡಿಗೆ ಗೌರವಕ್ಕಾಗಿ ಸ್ವಾಮಿ ವಿವೇಕಾನಂದ ವೇ ಅಂತ ಹೆಸರಿಟ್ಟು ಕಂದು ಬೋರ್ಡ್ ಹಾಕಿದ್ದಾರೆ. ಅಪ್ಪ ಅದರ ಕೆಳಗೆ ಕೈಕಟ್ಟಿ ನಿಂತು ಫೋಟೋ ತೆಗೆಸಿಕೊಂಡರು. ಒಳಗೆ ಮ್ಯೂಸಿಯಂನಲ್ಲಿ ಅಮ್ಮನಿಗೆ ಗಾಲಿಕುರ್ಚಿ ಪುಕ್ಕಟೆ ಸಿಕ್ಕಿತು. ಕೂರಲ್ಲ ಅಂದಳು. ಅರ್ಧ ಗಂಟೆ ಆದಮೇಲೆ ಕೂತಳು. ಮೊಮ್ಮಗಳು ತಳ್ಳಿದಳು.

ಈಗ ರೈಲಿನ ವಿಷಯ. ಶಿಕಾಗೋದಿಂದ ನ್ಯೂಯಾರ್ಕಿಗೆ ವಿಮಾನದಲ್ಲಿ ಎರಡು ಚಿಲ್ಲರೆ ಗಂಟೆ. ನಾವು ಲೇಕ್ ಶೋರ್ ಲಿಮಿಟೆಡ್ ರೈಲು ಹಿಡಿದೆವು, ಸುಮಾರು ಇಪ್ಪತ್ತು ಗಂಟೆ, 959 ಮೈಲಿ. ಫ್ರೆಂಡ್ಸ್ ಎಲ್ಲ ನಿಮಗೆ ತಲೆ ಕೆಟ್ಟಿದೆಯಾ ಅಂದರು. ನನ್ನ ಲೆಕ್ಕ ಬೇರೆ: ಏರ್‌ಪೋರ್ಟಿನ ಉದ್ದ ಕಾರಿಡಾರ್ ಇಲ್ಲ, ಚೆಕಿಂಗ್ ಕ್ಯೂ ಇಲ್ಲ, ಒಂದು ರಾತ್ರಿಯ ಹೋಟೆಲ್ ಖರ್ಚೂ ಇಲ್ಲ. ಮಲಗೋಕೆ ಎರಡೇ ಬರ್ತ್ ಇರೋ ರೂಮೆಟ್ ಒಂದನ್ನು ಮಾತ್ರ ತಗೊಂಡೆವು. ಕೆಳಗೆ ಅಮ್ಮ, ಮೇಲೆ ಮಗಳು. ನಾವು ಮೂವರು ಸೀಟಿನಲ್ಲಿ. ಆ ಸೀಟುಗಳು ನಮ್ಮ ಊರಿನ ಸ್ಲೀಪರ್ ಬಸ್ಸಿಗಿಂತ ವಾಸಿ, ಕಾಲು ಚಾಚಬಹುದು.

ರೈಲು ರಾತ್ರಿ ಒಂಬತ್ತೂವರೆಗೆ. ಯೂನಿಯನ್ ಸ್ಟೇಷನ್ನಿನಿಂದ ನದಿ ದಾಟಿದರೆ ವಿಲ್ಲಿಸ್ ಟವರ್. ಹಾಗಾಗಿ ಸಾಮಾನು ಸ್ಟೇಷನ್ನಿನಲ್ಲಿ ಬಿಟ್ಟು, ಸೂರ್ಯ ಮುಳುಗೋ ಹೊತ್ತಿಗೆ 103ನೇ ಅಂತಸ್ತಿಗೆ ಹೋದೆವು. 110 ಅಂತಸ್ತಿನ ಈ ಕಟ್ಟಡದ ಲೆಕ್ಕಾಚಾರ ಮಾಡಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಢಾಕಾದಲ್ಲಿ ಹುಟ್ಟಿದವರು. ಮೇಲೆ ಗೋಡೆಯಿಂದ ಆಚೆ ಚಾಚಿದ ಗಾಜಿನ ಪೆಟ್ಟಿಗೆ ಇದೆ, ನಿಂತರೆ ಕಾಲ ಕೆಳಗೆ ರಸ್ತೆ. ಅಮ್ಮನನ್ನು ಕರೆದರೆ, "ನಾ ಬರಲ್ಲ. ಇರೋ ಎರಡು ಮಂಡಿನೂ ನಡುಗಿ ಬಿದ್ದು ಹೋಗ್ತವೆ" ಅಂದಳು. ಕೆಳಗೆ ಬಂದು ಸ್ಟೇಷನ್ನಿನ ದೊಡ್ಡ ಹಾಲ್‌ನ ಮರದ ಬೆಂಚಿನಲ್ಲಿ ಕೂತು ಮೊಸರವಲಕ್ಕಿ ತಿಂದೆವು. ಅಮ್ಮ ಬ್ಯಾಗಿನಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ತೆಗೆದಳು. ಮುಚ್ಚಳ ತೆಗೆದ ಕೂಡಲೇ ಪಕ್ಕದ ಬೆಂಚಿನ ಅಜ್ಜ ತಿರುಗಿ ನೋಡಿದರು. "ಸಾಗರ ಜಂಬಗಾರು ಸ್ಟೇಷನ್ನಿಗಿಂತ ಬೆಂಚು ಅಗಲ ಇದೆ" ಅಂತ ಅಮ್ಮ ಸರ್ಟಿಫಿಕೇಟ್ ಕೊಟ್ಟಳು.

ಬೆಳಿಗ್ಗೆ ಎದ್ದರೆ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತೆ, ಮರೀಬೇಡಿ. ಬಫೆಲೊ ಬಂದಾಗ ಅಪ್ಪ ಕಿಟಕಿಗೆ ಅಂಟಿಕೊಂಡರು. ನಯಾಗರಾದಲ್ಲಿ ಮಾಡಿದ ಕರೆಂಟು 1896ರಲ್ಲೇ ಬಫೆಲೊವರೆಗೆ ಬಂತು ಅನ್ನೋದು ಅವರಿಗೆ ಬಾಯಿಪಾಠ. "ಇಲ್ಲೇ ಇಳಿದುಬಿಡೋಣ್ವಾ?" ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಟಿಕೆಟ್ ಹಾಗೆ ಆಗಲ್ಲ ಅಪ್ಪಾ ಅಂದೆ. ನಯಾಗರಾ ಇನ್ನೊಂದು ಸಲಕ್ಕೆ ಅಂತ ಬಾಕಿ ಇಟ್ಟೆವು.

ಆಲ್ಬನಿ ದಾಟಿದ ಮೇಲೆ ಬಲಗಡೆ ಕಿಟಕಿಯಲ್ಲಿ ಕೂರಿ. ಹಡ್ಸನ್ ನದಿ ಆ ಕಡೆಯೇ, ಹಳಿಗೆ ತಾಗಿಕೊಂಡೇ, ನ್ಯೂಯಾರ್ಕ್ ಹತ್ತಿರ ಬರೋವರೆಗೂ ಜೊತೆಗಿರುತ್ತೆ. ಒಂದು ಕಡೆ ನೀರಿನ ನಡುವೆ ದ್ವೀಪ, ಅದರಲ್ಲಿ ಪಾಳುಬಿದ್ದ ಕೋಟೆ. ಅಮ್ಮ ಒಂದೂ ಮಾತಾಡದೆ ನೋಡುತ್ತಿದ್ದಳು.

ನ್ಯೂಯಾರ್ಕಿನಲ್ಲಿ ನಾನು ಎಡವಿದ್ದು ಮೊದಲ ದಿನವೇ. ಹೋಟೆಲ್ ಕ್ವೀನ್ಸ್‌ನ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ಮಾಡಿದ್ದೆ, ಮ್ಯಾನ್‌ಹಟನ್‌ಗಿಂತ ಅಗ್ಗ, ನದಿ ದಾಟಿದರೆ ಊರು. ಅದು ಸರಿಯೇ. ಬುಕ್ ಮಾಡುವಾಗ ಸಣ್ಣ ಅಕ್ಷರ ಓದಿರಲಿಲ್ಲ, ದಿನಕ್ಕೆ ಮೂವತ್ತೈದು ಡಾಲರ್ ‘ಸೌಲಭ್ಯ ಶುಲ್ಕ’ ಅಂತ ಬೇರೆ ಹಾಕಿದರು. ಹೋಗಲಿ ಅಂದುಕೊಂಡು ಸಬ್‌ವೇ, ಅಂದರೆ ಇಲ್ಲಿನ ಮೆಟ್ರೋ ರೈಲು, ಹತ್ತಿದೆವು. ಶಿಕಾಗೋದಲ್ಲಿ ಅಷ್ಟು ಹುಷಾರಾಗಿದ್ದವಳು ಇಲ್ಲಿ ಮ್ಯಾಪ್ ನೋಡದೆ ಒಂದು ಸ್ಟೇಷನ್ನಿನಲ್ಲಿ ಇಳಿಸಿದೆ. ಲಿಫ್ಟೂ ಇಲ್ಲ, ಎಸ್ಕಲೇಟರೂ ಇಲ್ಲ. ಅಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು, ಎಣಿಸಿಕೊಂಡು. ಐವತ್ತೆಂಟು. ಮೇಲೆ ಬಂದು ಮಾತಾಡಲಿಲ್ಲ. ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಈ ಸಬ್‌ವೇ ಶುರುವಾಗಿದ್ದು 1904ರಲ್ಲಿ. ನಾವು ಹೋದಾಗ 472 ಸ್ಟೇಷನ್ನುಗಳಲ್ಲಿ ಮೂರನೇ ಒಂದು ಭಾಗಕ್ಕೂ ಪೂರ್ತಿ ಲಿಫ್ಟ್ ಸೌಕರ್ಯ ಇರಲಿಲ್ಲ. ಮ್ಯಾಪಿನಲ್ಲಿ ಗಾಲಿಕುರ್ಚಿ ಗುರುತು ಇರುವಲ್ಲಿ ಮಾತ್ರ ಇಳೀಬೇಕು. ಅಲ್ಲಿಂದ ಮುಂದೆ ನಾನು ಬಸ್ಸಿಗೆ ಬದಲಾಯಿಸಿದೆ. ದರ ಸಬ್‌ವೇಯಷ್ಟೇ, 2024ರಲ್ಲಿ ಎರಡು ಡಾಲರ್ ತೊಂಬತ್ತು ಸೆಂಟ್ ಇತ್ತು. ಎರಡು ಗಂಟೆಯೊಳಗೆ ಬಸ್ಸಿನಿಂದ ಸಬ್‌ವೇಗೆ ಹೋದರೆ ಮತ್ತೆ ದುಡ್ಡಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಕಾರ್ಡ್ ಟ್ಯಾಪ್ ಮಾಡಿದರೆ ವಾರದಲ್ಲಿ ಹನ್ನೆರಡು ಸಲ ಆದಮೇಲೆ ಆಗ ಪುಕ್ಕಟೆ ಇತ್ತು. ಬಸ್ಸು ನಿಧಾನ, ನಿಜ. ಆದರೆ ಸ್ಟಾಪಿಗೆ ಬಂದು ನಿಂತು, ಡ್ರೈವರ್ ಒಂದು ಬಟನ್ ಒತ್ತಿದರೆ ಬುಸ್ಸ್ ಅಂತ ಮುಂಭಾಗ ಫುಟ್‌ಪಾತಿನ ಮಟ್ಟಕ್ಕೆ ಬಗ್ಗುತ್ತೆ. ಅಮ್ಮ ಮೊದಲ ಸಲ ನೋಡಿ ಗಾಬರಿಯಾದಳು. ಆಮೇಲೆ, "ನೋಡೇ, ನನಗಿಂತ ಬಸ್ಸಿನ ಮಂಡಿ ಚೆನ್ನಾಗಿದೆ" ಅಂದಳು. ಸಿಟ್ಟು ಇಳಿದದ್ದು ಆಗಲೇ. ಸೆಂಟ್ರಲ್ ಪಾರ್ಕ್ ಪಕ್ಕದಿಂದ ಫಿಫ್ತ್ ಅವೆನ್ಯೂ ಬಸ್ ಹತ್ತಿ ಕಿಟಕಿಯಲ್ಲಿ ಕೂತರೆ ಅರ್ಧ ನ್ಯೂಯಾರ್ಕ್ ತಾನಾಗೇ ಬರುತ್ತೆ.

ಟಾಯ್ಲೆಟ್ ವಿಷಯದಲ್ಲಿ ಒಂದು ಹೆಸರು ಬರೆದಿಟ್ಟುಕೊಳ್ಳಿ: ಬ್ರಯಂಟ್ ಪಾರ್ಕ್. ಟೈಮ್ಸ್ ಸ್ಕ್ವೇರ್‌ನಿಂದ ಒಂದೇ ಬ್ಲಾಕು. ಒಳಗೆ ತಾಜಾ ಹೂವಿನ ಕುಂಡ, ಸಂಗೀತ, ಕಾಸಿಲ್ಲ. ಹೊರಗೆ ಮರದ ನೆರಳಿಗೆ ಬೇಕಾದಲ್ಲಿ ಎಳೆದುಕೊಂಡು ಕೂರೋ ಹಸಿರು ಕುರ್ಚಿಗಳು. ನಾವು ಟೈಮ್ಸ್ ಸ್ಕ್ವೇರ್‌ನಲ್ಲಿ ಇಪ್ಪತ್ತು ನಿಮಿಷ ಇದ್ದೆವು, ಇಲ್ಲಿ ಎರಡು ಗಂಟೆ.

ಲಿಬರ್ಟಿ ಪ್ರತಿಮೆಯ ದ್ವೀಪಕ್ಕೆ ಹೋಗಲಿಲ್ಲ. ಕ್ಯೂ ಜಾಸ್ತಿ. ಬದಲಿಗೆ ಸ್ಟ್ಯಾಟನ್ ಐಲ್ಯಾಂಡ್ ಫೆರಿ. ಕಿತ್ತಳೆ ಬಣ್ಣದ ಹಡಗು, ಇಪ್ಪತ್ತೈದು ನಿಮಿಷ, ಪುಕ್ಕಟೆ. ಹೋಗುವಾಗ ಬಲಗಡೆ ನಿಂತರೆ ಪ್ರತಿಮೆ ಕಾಣುತ್ತೆ. ಟರ್ಮಿನಲ್ ಹತ್ತಿರ ಜಾಕೆಟ್ ಹಾಕಿದ ಒಬ್ಬ ಅಪ್ಪನನ್ನು ಹಿಡಿದುಕೊಂಡಿದ್ದ. ನಾನು ಹೋಗುವಷ್ಟರಲ್ಲಿ ಪರ್ಸ್ ಹೊರಗೆ ಬಂದಿತ್ತು. "ಮೂವತ್ತು ಡಾಲರ್ ಅಂತೆ, ಫಸ್ಟ್ ಕ್ಲಾಸ್ ಅಂತೆ" ಅಂದರು. ಫೆರಿಗೆ ಟಿಕೆಟ್ಟೇ ಇಲ್ಲ ಅಪ್ಪಾ ಅಂತ ಕೈ ಹಿಡಿದು ಎಳೆದುಕೊಂಡು ಹೋದೆ. ಹಡಗು ಹೊರಟ ಮೇಲೆ ಅಮ್ಮ ಸುತ್ತ ನೋಡಿ, "ನಮ್ಮ ಹೊಳೆಬಾಗಿಲು ಲಾಂಚೇ ಇದು. ಜೀಪು, ಬಸ್ಸು ಇಲ್ಲ ಅಷ್ಟೇ" ಅಂದಳು. ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗೋ ಲಾಂಚ್ ಅದು. ಅಲ್ಲಿ ಈಗ ಸೇತುವೆ ಆಗಿದೆ, ಆಗ ಆಗಿರಲಿಲ್ಲ.

ಉಗ್ರರ ದಾಳಿಗೆ ಉರುಳಿದ ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರಗಳಿದ್ದ ಜಾಗದಲ್ಲಿ ಈಗ ಎರಡು ದೊಡ್ಡ ಚೌಕ ಹೊಂಡ, ನಾಲ್ಕೂ ಕಡೆಯಿಂದ ನೀರು ಒಳಗೆ ಬೀಳುತ್ತೆ. ಕಟ್ಟೆಯ ಕಂಚಿನ ಮೇಲೆ ಸತ್ತವರ 2,983 ಹೆಸರು ಕೊರೆದಿದ್ದಾರೆ. ಒಂದು ಹೆಸರಿಗೆ ಬಿಳಿ ಗುಲಾಬಿ ಸಿಕ್ಕಿಸಿತ್ತು. ಇವತ್ತು ಅವರ ಹುಟ್ಟಿದ ದಿನ ಅಂತ ಅರ್ಥ, ಅಲ್ಲಿಯವರು ದಿನಾ ನೋಡಿ ಇಡ್ತಾರೆ ಅಂತ ಹೇಳಿದೆ. ಅಮ್ಮ ಆ ಹೆಸರಿನ ಅಕ್ಷರಗಳ ಮೇಲೆ ನಿಧಾನಕ್ಕೆ ಬೆರಳಾಡಿಸಿದಳು. ಅಲ್ಲಿ ಕೂರೋಕೆ ಬೆಂಚು ಇತ್ತು. ಕೂರಲಿಲ್ಲ.

ಕೊನೇ ದಿನ ಏಳನೇ ಲೈನ್ ರೈಲಿನಲ್ಲಿ ಫ್ಲಶಿಂಗ್ ಗಣಪತಿ ದೇವಸ್ಥಾನ. 1977ರಲ್ಲಿ ಪ್ರತಿಷ್ಠೆ ಆದದ್ದು. ಕೆಳಗಿನ ಕ್ಯಾಂಟೀನಿನ ದೋಸೆಗೇ ಜನ ದೂರದಿಂದ ಬರ್ತಾರೆ. ಅಪ್ಪ ಎರಡು ದೋಸೆ ತಿಂದು ಮೂರನೆಯದಕ್ಕೆ ಅಮ್ಮನ ಮುಖ ನೋಡಿದರು.

ವಾಪಸ್ ಬರೋದು ವಿಮಾನದಲ್ಲಿ. ದೊಡ್ಡ ಸೂಟ್‌ಕೇಸ್‌ಗಳನ್ನು ಕೊಟ್ಟಾದ ಮೇಲೆ ಅಮ್ಮನ ಕೈಚೀಲದಲ್ಲಿ ಉಪ್ಪಿನಕಾಯಿ ಬಾಟಲಿ ಇರೋದು ನೆನಪಾಯಿತು. ರೈಲಿನಲ್ಲಿ ಯಾರೂ ಕೇಳಿರಲಿಲ್ಲ. ಇಲ್ಲಿ ನೂರು ಮಿಲಿಲೀಟರ್ ಮೇಲಿನ ರಸ ಬಿಡಲ್ಲ. ತಳದಲ್ಲಿ ನಾಲ್ಕು ಮಿಡಿ ಉಳಿದಿದ್ದವು, ಐದು ಜನ. ಚೆಕಿಂಗ್ ಕ್ಯೂ ಪಕ್ಕದ ಬೆಂಚಿನಲ್ಲಿ ಕೂತು ಅಮ್ಮ ಒಬ್ಬೊಬ್ಬರ ಅಂಗೈಗೆ ಒಂದೊಂದು ಹಾಕಿದಳು. ತನಗೆ ಅಂತ ಬಾಟಲಿ ಬಗ್ಗಿಸಿ ರಸ ಸುರಿದುಕೊಂಡಳು.