ಸಿಸಿಟಿವಿ ದೃಶ್ಯವನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ಕ್ರಮ

ಚಿಕ್ಕಮಗಳೂರಿನ ಕಾಫಿ ತೋಟವೊಂದರ ಕಣದಲ್ಲಿ ಹರವಿದ್ದ ಕರಿಮೆಣಸು ರಾತ್ರಿ ಕಳುವಾಗಿ, ಕಳ್ಳನ ಮುಖ ಕ್ಯಾಮೆರಾದಲ್ಲಿ ಸೆರೆಯಾಗಿದೆ ಎಂದುಕೊಳ್ಳಿ. ಕಿರಿಯ ವಕೀಲರು ಮೊದಲು ದಿನಾಂಕ ನೋಡಬೇಕು: 2024ರ ಜುಲೈ 1ಕ್ಕೆ ಮುಂಚೆಯೇ ತನಿಖೆಯೋ ವಿಚಾರಣೆಯೋ ಬಾಕಿಯಿದ್ದರೆ ವಿದ್ಯುನ್ಮಾನ ಸಾಕ್ಷ್ಯದ ಬಗೆಗಿನ, 1872ರ ಸಾಕ್ಷ್ಯ ಕಾಯ್ದೆಯ 65ಬಿ ಕಲಮೇ ಅನ್ವಯಿಸುತ್ತದೆ, ಇಲ್ಲವಾದರೆ ಆ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ.

ಹೊಸ ಕಲಮಿನ 4ನೇ ಉಪಕಲಂ ಕೇಳುವ ಪ್ರಮಾಣಪತ್ರದ ನಮೂನೆ ಅನುಸೂಚಿಯಲ್ಲಿದೆ. ಅದರ ‘ಎ’ ಭಾಗಕ್ಕೆ ಉಪಕರಣದ ಉಸ್ತುವಾರಿ ಹೊತ್ತವರು, ಅಂದರೆ ಇಲ್ಲಿ ತೋಟದ ಮಾಲೀಕರೋ ತೋಟದ ಕೆಲಸ ನೋಡಿಕೊಳ್ಳುವ ರೈಟರೋ, ಸಹಿ ಮಾಡಬೇಕು. ‘ಬಿ’ ಭಾಗಕ್ಕೆ ತಜ್ಞರು. ಎರಡರಲ್ಲೂ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಿಂದ ಲೆಕ್ಕಹಾಕಿ ತೆಗೆದ, ಅದರ ಬೆರಳಚ್ಚಿನಂಥ ಸಂಕೇತವನ್ನು, ನಮೂದಿಸಬೇಕು, ಹೆಚ್ಚಿನವರು ಎಡವುವುದು ಇಲ್ಲಿಯೇ.

ಕಕ್ಷಿದಾರರು ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೊವನ್ನು ದಯವಿಟ್ಟು ನೆಚ್ಚಬೇಡಿ. ಕಳಿಸುವಾಗ ಅದು ಕುಗ್ಗುತ್ತದೆ, ಕಡತ ಬದಲಾದೊಡನೆ ಹ್ಯಾಶ್ ಕೂಡ ಬದಲಾಗುತ್ತದೆ. ತೋಟಕ್ಕೇ ಹೋಗಿ, ಹಳೆಯ ದೃಶ್ಯಗಳು ತಾವಾಗಿ ಅಳಿಯುವ ಮುನ್ನ, ಕ್ಯಾಮೆರಾ ದೃಶ್ಯಗಳನ್ನು ದಾಖಲಿಸಿಡುವ ಡಿವಿಆರ್‌ನಿಂದ ನೇರವಾಗಿ ಹೊಸ ಪೆನ್‌ಡ್ರೈವ್‌ಗೆ ನಕಲಿಸಿ, ಅಲ್ಲಿಯೇ ಎಸ್‌ಎಚ್‌ಎ-256 ಎಂಬ ವಿಧಾನದಿಂದ ಹ್ಯಾಶ್ ಮೌಲ್ಯ ತೆಗೆಯಿರಿ. ಅದರ 64 ಅಕ್ಷರಗಳನ್ನು ಕೈಯಲ್ಲಿ ಬರೆಯದೆ ಮುದ್ರಿಸಿಕೊಳ್ಳುವುದು ಕ್ಷೇಮ. ಡಿವಿಆರ್‌ನ ಗಡಿಯಾರ ಎಷ್ಟು ನಿಮಿಷ ಹಿಂದೆಮುಂದಿದೆ ಎಂಬುದನ್ನೂ ಅಂದೇ ಬರೆದಿಡಿ, ಏಕೆಂದರೆ ಪಾಟೀಸವಾಲಿನಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ.