ಲಸಿಕೆ ಹಾಕಿದ ಮರುದಿನ ಮನೆಗೆ ಹೋದೆ, ಆಮೇಲೆ ಊರು ಬಂತು

2021ರ ಜೂನ್‌ನಲ್ಲಿ, ನಾನು ಸಿಸ್ಟರ್ ಆಗಿರೋ ಸಬ್ ಸೆಂಟರ್, ಅಂದರೆ ಊರಿನ ಸಣ್ಣ ಆರೋಗ್ಯ ಕೇಂದ್ರ, ಕೊರೊನಾ ಲಸಿಕೆ ಹಾಕೋದರಲ್ಲಿ ಇಡೀ ತಾಲ್ಲೂಕಿಗೇ ಕೊನೆ. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ ಕೇಳಿದ್ದರು. ಅಕ್ಟೋಬರ್ ಕೊನೆಗೆ ಅದೇ ಸಬ್ ಸೆಂಟರ್ ಮೊದಲ ಮೂರರಲ್ಲಿತ್ತು. 18 ದಾಟಿದವರು ಸುಮಾರು 2,900 ಜನ, ಅವರಲ್ಲಿ 2,600ರ ಆಸುಪಾಸು ಮೊದಲ ಡೋಸ್ ಆಗಿತ್ತು. ಹೇಗೆ ಮಾಡಿದ್ರಿ ಅಂತ ಹೊಸ ಸಿಸ್ಟರ್‌ಗಳು ಈಗಲೂ ಫೋನ್ ಮಾಡುತ್ತಾರೆ. ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಅಂಕಿ ಎಲ್ಲ ನೆನಪಿನಿಂದ, ಸ್ವಲ್ಪ ಹೆಚ್ಚು ಕಡಿಮೆ ಇದ್ದೀತು.

ನಮ್ಮದು ಕೊಪ್ಪಳ ಜಿಲ್ಲೆ, ಮಳೆ ನಂಬಿದ ಊರುಗಳು. ಮೊದಲು ನಾನೂ ಎಲ್ಲರೂ ಮಾಡಿದ್ದನ್ನೇ ಮಾಡಿದೆ. ಆಟೋಗೆ ಮೈಕ್ ಕಟ್ಟಿಸಿದೆ. ದಿನಕ್ಕೆ 1,200 ರೂಪಾಯಿ, ಮೂರು ದಿನ. ಪಂಚಾಯಿತಿಯಿಂದ ಅರ್ಧ ಬಂತು, ಉಳಿದದ್ದು ನನ್ನ ಕೈಯಿಂದ. ಮೂರು ದಿನಕ್ಕೆ ಬಂದವರು 7 ಜನ. ಅವರಲ್ಲಿ ಇಬ್ಬರು ಬಿಪಿ ಮಾತ್ರೆಗೆ ಬಂದವರು.

ಎರಡನೇ ಸೋಲು ಮೊಬೈಲ್‌ನದು. ಲಸಿಕೆ ಹಾಕಿಸಿಕೊಂಡವರು 2 ವರ್ಷದಲ್ಲಿ ಸಾಯುತ್ತಾರೆ ಅಂತ ಫ್ರಾನ್ಸಿನ ನೊಬೆಲ್ ವಿಜ್ಞಾನಿ ಲೂಕ್ ಮಾಂಟನಿಯೇ ಹೇಳಿದ್ದಾರೆ ಅನ್ನೋ ಮೆಸೇಜ್ ಆಗ ಎಲ್ಲಾ ಕಡೆ ಓಡಾಡುತ್ತಿತ್ತಲ್ಲ, ಅದು. ಅವರು ಹಾಗೆ ಹೇಳಿರಲೇ ಇಲ್ಲ. ಇದು ಸುಳ್ಳು ಅಂತ ಹೇಳೋ ವಿಡಿಯೋ ಒಂದನ್ನು ಊರಿನ ಮೂರು ಗ್ರೂಪ್‌ಗಳಿಗೆ ಹಾಕಿದೆ. ಅಲ್ಲಿವರೆಗೂ ಆ ಸುದ್ದಿ ಕೇಳದೇ ಇದ್ದವರು ನನ್ನಿಂದಲೇ ಕೇಳಿದರು. ಮರುದಿನ ಬರ್ತೀನಿ ಅಂದಿದ್ದ ನಾಲ್ಕು ಮನೆಯವರು ಬರಲಿಲ್ಲ. ಅವತ್ತಿನಿಂದ ಸುಳ್ಳು ಸುದ್ದಿಯನ್ನು ನಾನಾಗಿ ಬಾಯಿಗೆ ತರಲ್ಲ. ಅವರು ಕೇಳಿದರೆ ಮಾತ್ರ ಉತ್ತರ.

ಮೂರನೆಯದು ನನ್ನ ತಪ್ಪೇ. ಮಾರ್ಚ್‌ನಲ್ಲಿ 60 ದಾಟಿದವರಿಗೆ ಶುರುವಾದಾಗ ಒಬ್ಬ ಯಜಮಾನರಿಗೆ "ಇದನ್ನ ಹಾಕಿಸ್ಕೊಂಡ್ರೆ ಕೊರೊನಾ ಬರಲ್ಲ" ಅಂದುಬಿಟ್ಟಿದ್ದೆ. ಒಂದು ಡೋಸ್ ಆಗಿತ್ತು. ಎರಡನೇ ಅಲೆಯಲ್ಲಿ ಅವರಿಗೆ ಪಾಸಿಟಿವ್ ಬಂತು. ಮನೆಯಲ್ಲೇ ಗುಣವಾದರು. ಆದರೆ ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದರು, "ಸಿಸ್ಟರ್ ಸುಳ್ಳು ಹೇಳ್ಯಾಳ." ಆ ಒಂದು ಮಾತಿಗೆ ಇಡೀ ಓಣಿ ಕೈ ತಪ್ಪಿತು. ಅದರ ಮೇಲೆ ಡೋಸ್ ಅಂತರ ಬೇರೆ. ಕೋವಿಶೀಲ್ಡ್‌ಗೆ 4ರಿಂದ 6 ವಾರ ಇದ್ದದ್ದು ಮಾರ್ಚ್ ಕೊನೆಗೆ 6ರಿಂದ 8 ಆಯ್ತು, ಮೇ ತಿಂಗಳಲ್ಲಿ 12ರಿಂದ 16. ಸ್ಟಾಕ್ ಇಲ್ಲದೆ ಜನರನ್ನು ವಾಪಸ್ ಕಳಿಸುತ್ತಿದ್ದ ದಿನಗಳಲ್ಲೇ ಇದೂ ಬಂತು. ಅಂತರ ಜಾಸ್ತಿ ಆದರೆ ಶಕ್ತಿ ಚೆನ್ನಾಗಿ ಬರುತ್ತೆ ಅನ್ನೋದು ನಿಜವೇ. ಆದರೆ ಆಗ ಯಾರು ನಂಬುತ್ತಾರೆ?

ಜೂನ್ ಮೀಟಿಂಗ್ ಆದ ಮೇಲೆ 200 ಪುಟದ ಒಂದು ಉದ್ದ ನೋಟ್‌ಬುಕ್ ತಗೊಂಡೆ. ಆಶಾ ಅಕ್ಕಂದಿರನ್ನು ಕರೆದುಕೊಂಡು ಮನೆ ಮನೆಗೆ ಹೋದೆ. ಲಸಿಕೆ ಬಗ್ಗೆ ಏನೂ ಹೇಳೋದು ಬೇಡ, ಅವರು ಏನಂತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳೋಣ ಅಂದೆ. ಮೂರು ವಾರದಲ್ಲಿ 300 ಮನೆ ದಾಟಿತು. ಓದಿ ನೋಡಿದರೆ ನನಗೇ ಆಶ್ಚರ್ಯ. ಮಕ್ಕಳಾಗಲ್ಲ, ಸಾಯ್ತೀವಿ, ಮೈ ಅಯಸ್ಕಾಂತ ಆಗುತ್ತೆ ಅಂದವರು 30 ಮನೆಯೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ಕಡೆ ಬರೆದದ್ದು ಇಷ್ಟೇ: "ಜ್ವರ ಬಂದ್ರ ಕೂಲಿ ಯಾರ್ ಕೊಡ್ತಾರ?" ಬಿತ್ತನೆ ಕಾಲ ಅದು. ಹೆಣ್ಣಾಳಿಗೆ 200, ಗಂಡಾಳಿಗೆ 400ರ ಹತ್ತಿರ ಕೂಲಿ. ಗಂಡ ಹೆಂಡತಿ ಇಬ್ಬರೂ ಎರಡು ದಿನ ಮಲಗಿದರೆ 1,200 ಹೋಯ್ತು. ನಾವು ಬೆಳಿಗ್ಗೆ 10ಕ್ಕೆ ಸೆಷನ್ ಇಟ್ಟುಕೊಂಡು, ಯಾಕೆ ಬರಲ್ಲ ಅಂತ ಅವರನ್ನೇ ಬೈಯುತ್ತಿದ್ದೆವು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಗೊತ್ತಲ್ಲ. ಬಸವಣ್ಣನ ವಾರ. ಅದಕ್ಕೇ ಭಾನುವಾರ ಸಂಜೆ 5ರಿಂದ 8 ಸೆಷನ್ ಕೇಳಿದೆ. ರಾತ್ರಿ ಜ್ವರ ಬಂದರೂ ಸೋಮವಾರ ಮಲಗಬಹುದು, ಮಂಗಳವಾರ ಹೊಲಕ್ಕೆ ಹೋಗಬಹುದು. ಡಾಕ್ಟರ್ ಒಪ್ಪಲಿಲ್ಲ. ಭಾನುವಾರ ಯಾರು ಬರ್ತಾರೆ, ವಯಲ್ (ಲಸಿಕೆ ಶೀಶೆ) ತೆರೆದ ನಾಲ್ಕು ಗಂಟೆಯೊಳಗೆ ಖಾಲಿ ಆಗದಿದ್ದರೆ ವೇಸ್ಟೇಜ್ ಯಾರ ತಲೆ ಮೇಲೆ ಅಂತ. ಅವರು ಹೇಳೋದರಲ್ಲೂ ಅರ್ಥ ಇತ್ತು. ಅದಕ್ಕಿಂತ ಜಾಸ್ತಿ ಬೇಡ ಅಂದದ್ದು ನನ್ನ ಇನ್ನೊಂದು ಮಾತಿಗೆ. ಸೂಜಿಗೆ ಮೊದಲೇ ಕೆಟ್ಟದ್ದನ್ನೆಲ್ಲ ಹೇಳ್ತೀನಿ ಅಂದಿದ್ದೆ. "ಜ್ವರ ಬರುತ್ತೆ, ಕೈ ನೋಯುತ್ತೆ, ಎರಡು ದಿನ ಮೈ ಭಾರ ಇರುತ್ತೆ. ಆಮೇಲೂ ಕೊರೊನಾ ಬರಬಹುದು, ಆದರೆ ಆಸ್ಪತ್ರೆಗೆ ಸೇರೋ ಹಾಗೆ ಆಗೋದು ಬಹಳ ಕಡಿಮೆ." ಹೀಗೆ ಹೇಳಿದರೆ ಇರೋರೂ ಓಡಿಹೋಗ್ತಾರೆ ಅಂದರು. ಪಕ್ಕದ ಸಬ್ ಸೆಂಟರ್‌ನವರೂ ಅದನ್ನೇ ಅಂದರು.

ಮೊದಲ ಭಾನುವಾರ 11 ಜನ. 10 ಡೋಸ್‌ನ ಒಂದೇ ವಯಲ್‌ನಲ್ಲಿ 11 ಡೋಸ್ ತೆಗೆದೆ. ಕೈ ಪಳಗಿದವರಿಗೆ ಅದು ಕಷ್ಟ ಅಲ್ಲ. ಪ್ರತಿಯೊಬ್ಬರಿಗೂ 4 ಪ್ಯಾರಾಸಿಟಮಾಲ್ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟೆ. ಸೋಮವಾರ ಬೆಳಿಗ್ಗೆ 7ಕ್ಕೆ ಆ 11 ಮನೆಗೂ ಹೋದೆ. ಇಡೀ ಕೆಲಸದ ಜೀವ ಇರೋದು ಇಲ್ಲೇ. ಏಳು ಜನಕ್ಕೆ ಜ್ವರ. ಒಬ್ಬ ಅಜ್ಜಿ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಎಡಗೈ ಎತ್ತಲಾಗದೆ ಸೆರಗು ಸರಿ ಮಾಡಿಕೊಳ್ಳೋಕೂ ಸೊಸೆಯನ್ನು ಕರೆಯುತ್ತಿದ್ದಳು. ನನ್ನ ನೋಡಿದ ಕೂಡಲೇ ಬೈದಳು. ಬೈಯಲಿ ಅಂತ ಪಕ್ಕದಲ್ಲಿ ಕೂತೆ. ಸೂಜಿ ಚುಚ್ಚಿದ ಜಾಗ ಬಿಸಿಯಾಗಿತ್ತು, ಸ್ವಲ್ಪ ಊದಿತ್ತು. ಒದ್ದೆ ಬಟ್ಟೆ ಇಟ್ಟೆ, ಎದುರಿಗೇ ಮಾತ್ರೆ ನುಂಗಿಸಿದೆ, ಮುಕ್ಕಾಲು ಗಂಟೆ ಇದ್ದೆ. ಬಾಗಿಲಲ್ಲಿ ಅಕ್ಕಪಕ್ಕದವರು ಆರೇಳು ಜನ ನಿಂತು ನೋಡುತ್ತಿದ್ದರು. ಕೊನೆಗೆ ಅಜ್ಜಿ ಅಂದಳು, "ನೀ ಹೇಳಿದಂಗೇ ಆತು ನೋಡು."

ಎರಡನೇ ಭಾನುವಾರ 24. ಮೂರನೇ ಭಾನುವಾರ 60 ದಾಟಿತು, ಲಸಿಕೆ ತಣ್ಣಗಿಡೋ ಕ್ಯಾರಿಯರ್ ಡಬ್ಬಿ ಸಾಲದೆ ಇನ್ನೊಂದು ತರಿಸಿದೆ. ಆಗಸ್ಟ್‌ನಲ್ಲಿ ಹೊಲದಲ್ಲಿ ಹೆಸರುಕಾಳು ಬಿಡಿಸೋ ಹೊತ್ತಿಗೆ ಎರಡು ವಾರ ಬರೋರ ಸಂಖ್ಯೆ ಮತ್ತೆ ಬಿತ್ತು. ಸಂಜೆ ಹೊತ್ತು 9ರವರೆಗೆ ಎಳೆದೆ, ಸರಿಹೋಯ್ತು. ಪ್ರತಿ ಓಣಿಯಲ್ಲೂ ಮೊದಲು ಯಾವ ಮನೆ ಹಿಡಿಯಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ, ಜೊತೆಗೆ ಬಂದು ಓಡಾಡಿದವರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ.

ದುಡ್ಡಿನ ವಿಷಯ. ಡೇಟಾ ಎಂಟ್ರಿ ಹುಡುಗನಿಗೆ ಭಾನುವಾರಕ್ಕೆ 200. ಅವನಿಲ್ಲದೆ ಕೋವಿನ್ (ಲಸಿಕೆ ನೋಂದಣಿಯ ಸರ್ಕಾರಿ ವೆಬ್‌ಸೈಟ್) ಮುಂದೆ ಹೋಗುತ್ತಿರಲಿಲ್ಲ, ಒಂದು ಮೊಬೈಲ್ ನಂಬರಿಗೆ 4 ಜನ ಅಂತ ಇದ್ದ ಕಾಲ. ಪ್ಯಾರಾಸಿಟಮಾಲ್ ಸೆಂಟರ್‌ನಲ್ಲಿ ಮುಗಿದಾಗ ಹೊರಗಿಂದ ತಂದೆ, ಸುಮಾರು 1,500 ರೂಪಾಯಿಯದು. ಪೆಟ್ರೋಲ್ ತಿಂಗಳಿಗೆ 800 ಜಾಸ್ತಿ ಆಯ್ತು. ಮೈಕಿನ ಖರ್ಚು ಸೇರಿ ನನ್ನ ಕೈಯಿಂದ ಹೋದದ್ದು 10,000 ದಾಟಿರಬೇಕು. ಬಿಲ್ ಕೊಟ್ಟೆ, ಬರಲಿಲ್ಲ. ಅದರ ಬೇಜಾರು ಈಗಲೂ ಇದೆ.

ನಡುವೆ ಕೆಲವು ಬೇರೆ ಪ್ರಯೋಗಗಳನ್ನೂ ಮಾಡಿದೆ. ತೋಳಿಗೆ ನಾಣ್ಯ ಅಂಟುತ್ತೆ ಅಂತ ಹುಡುಗರು ತೋರಿಸುತ್ತಿದ್ದರು. ಲಸಿಕೆ ಹಾಕಿಸದ ಹುಡುಗನನ್ನೇ ಕರೆದೆ. ಬೆವತ ತೋಳಿಗೆ 2 ರೂಪಾಯಿ ನಾಣ್ಯ ಒತ್ತಿದೆ, ನಿಂತಿತು. ಅದೇ ಜಾಗ ಒರೆಸಿ ಪೌಡರ್ ಹಚ್ಚಿ ಒತ್ತಿದೆ, ಬಿತ್ತು. ಆಮೇಲೆ ಲಸಿಕೆ ಆದವನ ತೋಳಿಗೂ ಪೌಡರ್ ಹಚ್ಚಿದೆ, ಅಲ್ಲೂ ಬಿತ್ತು. ಒಂದು ಡಬ್ಬಿ ಪೌಡರ್‌ಗೆ ಆ ಮಾತು ಮುಗಿಯಿತು. ಶಾಲೆ ಮಕ್ಕಳಿಂದ ಅಪ್ಪ ಅಮ್ಮನಿಗೆ ಪತ್ರ ಬರೆಸಿದ್ದು ಮಾತ್ರ ಏನೂ ಉಪಯೋಗ ಆಗಲಿಲ್ಲ. ಅಜ್ಜಿಯ ಮಾತನ್ನು 40 ಸೆಕೆಂಡ್ ರೆಕಾರ್ಡ್ ಮಾಡಿ ಕಳಿಸಿದ್ದು ಚೆನ್ನಾಗಿ ಓಡಿತು. ಅವಳು ಅದರಲ್ಲಿ ನನ್ನನ್ನು ಬೈದದ್ದನ್ನು ತೆಗೆಯದೆ ಹಾಗೇ ಬಿಟ್ಟಿದ್ದೆ.

ಓದಿದವರ ವಿರೋಧ ಬೇರೆ ತರಹ. ಒಬ್ಬ ಮೇಷ್ಟ್ರು, ಕೋವ್ಯಾಕ್ಸಿನ್‌ಗೆ ಜನವರಿಯಲ್ಲಿ ಅನುಮತಿ ಕೊಟ್ಟಾಗ ಮೂರನೇ ಹಂತದ ಪರೀಕ್ಷೆಯ ಫಲಿತಾಂಶವೇ ಬಂದಿರಲಿಲ್ಲ ಅಲ್ವಾ ಅಂದರು. ಹೌದು, ಬಂದಿರಲಿಲ್ಲ ಅಂದೆ. ಸುಮ್ನೆ ವಾದ ಮಾಡಲಿಲ್ಲ. ಜುಲೈನಲ್ಲಿ 77.8 ಪರ್ಸೆಂಟ್ ಪರಿಣಾಮಕಾರಿ ಅಂತ ಫಲಿತಾಂಶ ಬಂದಾಗ ಅವರಿಗೆ ಹೋಗಿ ಹೇಳಿದೆ. ಆ ವಾರವೇ ಹೆಂಡತಿಯ ಜೊತೆ ಬಂದರು. ಪ್ರಶ್ನೆ ಕೇಳಿದವರನ್ನು ವಿರೋಧಿ ಅಂತ ಪಟ್ಟಿಗೆ ಸೇರಿಸಬೇಡಿ. ಹಾಗೇ, ರೇಷನ್ ನಿಲ್ಲಿಸ್ತೀವಿ, ಪಿಂಚಣಿ ನಿಲ್ಲಿಸ್ತೀವಿ ಅಂತ ಹೆದರಿಸೋದೂ ಬೇಡ. ಹಾಗೆ ಮಾಡಿದ ಕಡೆ ಹೆಂಗಸರು ಮೆಕ್ಕೆಜೋಳದ ಹೊಲದಲ್ಲಿ ಅಡಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಯಾರಿಗೂ ಒತ್ತಾಯದಿಂದ ಲಸಿಕೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿತು. ಲಸಿಕೆ ನೀತಿಯೇ ತಪ್ಪು ಅಂತ ಅದು ಹೇಳಲಿಲ್ಲ, ಅದನ್ನೂ ನೆನಪಿಟ್ಟುಕೊಳ್ಳಿ.

ರಕ್ತ ಹೆಪ್ಪುಗಟ್ಟೋ ವಿಷಯವನ್ನೂ ನಾನು ಮುಚ್ಚಿಡಲಿಲ್ಲ. 2021ರ ಮೇ ತಿಂಗಳಲ್ಲೇ ಲಸಿಕೆ ಆದಮೇಲಿನ ತೊಂದರೆಗಳನ್ನು ನೋಡೋ ರಾಷ್ಟ್ರೀಯ ಎಇಎಫ್‌ಐ ಸಮಿತಿ ಕೋವಿಶೀಲ್ಡ್‌ನಲ್ಲಿ 10 ಲಕ್ಷ ಡೋಸ್‌ಗೆ 0.61 ಪ್ರಕರಣ ಅಂತ ಹೇಳಿತ್ತು. 20 ದಿನದ ಒಳಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕಾಲು ಊದಿದರೆ, ತಲೆನೋವು ಬಿಡದಿದ್ದರೆ ರಾತ್ರಿಯಾದರೂ ಫೋನ್ ಮಾಡಿ ಅಂತ ಪೊಟ್ಟಣದ ಮೇಲೆ ನಂಬರ್ ಬರೆದುಕೊಟ್ಟಿದ್ದೆ. ಅದು ಆಮೇಲೆ ನನ್ನ ಕೈ ಹಿಡಿಯಿತು. 2024ರಲ್ಲಿ, ನಮ್ಮಲ್ಲಿ ಕೋವಿಶೀಲ್ಡ್ ಅನ್ನೋ ಅದೇ ಲಸಿಕೆಯ ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ ಕೋರ್ಟಿನಲ್ಲಿ ಅದನ್ನೇ, ಬಹಳ ಅಪರೂಪಕ್ಕೆ ಆಗಬಹುದು ಅಂತ ಒಪ್ಪಿಕೊಂಡಿದೆ ಅನ್ನೋ ಸುದ್ದಿ ಬಂತು. ಬೇರೆ ಕಡೆ ಸಿಸ್ಟರ್‌ಗಳನ್ನು ಅಡ್ಡ ಹಾಕಿ ಕೇಳಿದರು. ನಮ್ಮೂರಲ್ಲಿ ಇಬ್ಬರು ಮೂವರು ಕೇಳಿದರು, ಉತ್ತರ ಮಾತ್ರ ಆ ಮೇಷ್ಟ್ರೇ ಕೊಟ್ಟರಂತೆ: "ಸಿಸ್ಟರ್ ಅವತ್ತೇ ಹೇಳಿದ್ರಲ್ಲ."

2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಒಬ್ಬ ಹುಡುಗ ಲಸಿಕೆಯಿಂದ ನನಗೂ ಹಾಗಾಗುತ್ತಾ ಅಂತ ರಾತ್ರಿ 10ಕ್ಕೆ ಫೋನ್ ಮಾಡಿದ. 34 ವರ್ಷ, ಟ್ರ್ಯಾಕ್ಟರ್ ಓಡಿಸುತ್ತಾನೆ. ಎರಡೂ ಡೋಸ್ ನನ್ನ ಕೈಯಲ್ಲೇ ಹಾಕಿಸಿಕೊಂಡವನು. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ನೋಡಿದೆ, ಲಸಿಕೆಯಿಂದ ಅಪಾಯ ಹೆಚ್ಚಾಗಿಲ್ಲ, ಮನೆತನದಲ್ಲಿ ಅಂಥ ಸಾವು ಆಗಿದ್ದರೆ, ಮಿತಿ ಮೀರಿ ಕುಡಿದರೆ ಹೆಚ್ಚು ಅಂತ ಹೇಳಿದೆ. ಅಪ್ಪ 45ಕ್ಕೇ ಹೋಗಿದ್ದ ಅಂದ. ಬೆಳಿಗ್ಗೆ ಬಿಪಿ ಮಷೀನ್ ತಗೊಂಡು ಮನೆಗೆ ಹೋದೆ. 160, 100. ಗಾಡಿ ಹಿಂದೆ ಕೂರಿಸಿಕೊಂಡು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕರೆದೊಯ್ದೆ. ಈಗ ಮಾತ್ರೆ ತಗೊಳ್ತಿದ್ದಾನೆ. ನೋಟ್‌ಬುಕ್‌ನಲ್ಲಿ ಅವನ ಮನೆಯ ಸಾಲಿನ ಮುಂದೆ 2021ರಲ್ಲಿ ಅವನಾಡಿದ ಮಾತು ಇನ್ನೂ ಇದೆ: "ನನಗೇನೂ ಆಗಂಗಿಲ್ಲ ಬಿಡ್ರಿ." ಅದರ ಕೆಳಗೆ ಬಿಪಿ ಬರೆದಿಟ್ಟಿದ್ದೇನೆ.